ಮನೆಯ ಹಿಂದಿನ ಧರೆಗೆ ತಡೆಗೋಡೆ: ಕಟ್ಟಿಸಿದವರು, ಕಟ್ಟಿದವರು ಹೇಳಿದ್ದು

ಪ್ರಶ್ನೆ, ಸಕಲೇಶಪುರದಿಂದ

ಪಟ್ಟಣದ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನಿವೇಶನ ಸಮತಟ್ಟು ಮಾಡುವಾಗ ಹಿಟಾಚಿಯವರು ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಈಗ ಹಿಂಬದಿಯಲ್ಲಿ ಹನ್ನೆರಡು ಅಡಿ ಎತ್ತರದ ಧರೆ ನಿಂತಿದೆ. ಅದರ ಮೇಲೆ ಬೇರೆಯವರ ಕಾಫಿ ತೋಟ. ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿ ಪ್ಲಾಸ್ಟರ್ ಮಾಡಿದರೆ ಸಾಕು ಎಂದು ಗಾರೆ ಮೇಸ್ತ್ರಿ ಹೇಳುತ್ತಾರೆ. ಮಂಗಳೂರಿನಲ್ಲಿರುವ ನಮ್ಮ ಭಾವ ತಮ್ಮ ಮನೆಗೆ ಕೆಂಪುಕಲ್ಲಿನ ತಡೆಗೋಡೆ ಕಟ್ಟಿಸಿದ್ದಾರೆ, ಅದನ್ನೇ ಮಾಡಿಸಿ ಎನ್ನುತ್ತಾರೆ. ಹಿಂದೆ ನೀರು ನಿಲ್ಲದಂತೆ ಏನು ಮಾಡಬೇಕು ಎಂಬುದೇ ನನ್ನ ದೊಡ್ಡ ಚಿಂತೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೂಡಿಗೆರೆ ಕಡೆಯ ಬೆಳೆಗಾರರು

ತಂಗಿ, ಗೋಡೆಯ ಮಾತು ಆಮೇಲೆ. ಮೊದಲು ಧರೆಯ ಮೇಲೆ ಹತ್ತಿ ಹೋಗಿ ನೋಡಿ. ತೋಟದ ಇಳಿಜಾರು ಯಾವ ಕಡೆಗಿದೆ, ಮಳೆ ನೀರು ಎಲ್ಲಿಂದ ಬಂದು ಎಲ್ಲಿ ಸೇರುತ್ತದೆ, ಎಲ್ಲಾದರೂ ಮಳೆಗಾಲದಲ್ಲಿ ಜಲ ಏಳುತ್ತದೆಯೇ ಎಂದು ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ. ಅವರಿಗೆ ಗೊತ್ತಿರುವಷ್ಟು ಎಂಜಿನಿಯರ್‌ಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಧರೆ ಕುಸಿಯುವುದು ಮೊದಲ ಮಳೆಗಲ್ಲ. ಮೃಗಶಿರಾ, ಆರಿದ್ರಾ ಮಳೆಯನ್ನು ನೆಲ ಕುಡಿಯುತ್ತಲೇ ಹೋಗುತ್ತದೆ. ಪುನರ್ವಸು, ಪುಷ್ಯ ಬರುವ ಹೊತ್ತಿಗೆ ಗುಡ್ಡದ ಹೊಟ್ಟೆ ತುಂಬಿರುತ್ತದೆ. ಆಮೇಲೆ ಒಂದು ಜೋರು ಮಳೆ ಬಂದರೂ ಸಾಕು, ಒಳಗಿನ ನೀರು ದಾರಿ ಹುಡುಕಿಕೊಂಡು ಹೊರಗೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜಾರಿದ್ದನ್ನು ನೋಡಿದವರು ಇದನ್ನು ಮರೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಮೇಲಿನ ತೋಟದಲ್ಲಿ ತೊಟ್ಟಿಲು ಗುಂಡಿಗಳಿವೆಯೇ? ಕಾಫಿ ಗಿಡಗಳಿಗೆ ನೀರು ಇಂಗಿಸಲು ನಾವೆಲ್ಲ ಸಾಲುಗಳ ನಡುವೆ ತೋಡುವ ಗುಂಡಿ ಅದು. ತೋಟಕ್ಕೆ ಒಳ್ಳೆಯದು, ಆದರೆ ನಿಮ್ಮ ಧರೆಯ ನೆತ್ತಿಯ ಮೇಲೇ ಇದ್ದರೆ ಮಳೆಗಾಲವಿಡೀ ನೀರನ್ನು ನೇರವಾಗಿ ನಿಮ್ಮ ಗೋಡೆಯ ಬೆನ್ನಿಗೆ ಇಳಿಸುತ್ತದೆ. ತೋಟದ ಯಜಮಾನರ ಮನೆಗೆ ಹೋಗಿ ಮಾತನಾಡಿ. ಅಂಚಿನ ಎರಡು ಮೂರು ಸಾಲಿನ ಗುಂಡಿಗಳನ್ನು ಮುಚ್ಚಿಸಿ, ಅಂಚಿನಿಂದ ಆರೇಳು ಅಡಿ ಹಿಂದೆ ಒಂದು ಬಸಿಗಾಲುವೆ ತೆಗೆಯಲು ಒಪ್ಪಿಗೆ ಕೇಳಿ. ಆ ಕಾಲುವೆಗೆ ತಳದಲ್ಲಿ ಕಾಂಕ್ರೀಟ್ ಹಾಕಿಸಲೇಬೇಕು. ಬರಿಯ ಮಣ್ಣಿನ ಕಾಲುವೆಯಾದರೆ ಅದೂ ಇನ್ನೊಂದು ಇಂಗುಗುಂಡಿಯೇ. ಒಳ್ಳೆಯ ಮಾತಿನಲ್ಲಿ ಕೇಳಿದರೆ ಒಪ್ಪದ ಬೆಳೆಗಾರರು ಕಡಿಮೆ. ಧರೆ ಕುಸಿದರೆ ಹೋಗುವುದು ಅವರ ಗಿಡಗಳೂ ಹೌದಲ್ಲ.

ಹಾಸನದ ಸಿವಿಲ್ ಎಂಜಿನಿಯರ್

ಅಣ್ಣನವರು ಮೇಲಿನ ನೀರಿನ ಬಗ್ಗೆ ಹೇಳಿದ್ದಾರೆ. ನಾನು ಗೋಡೆಯ ಬೆನ್ನಿನ ಬಗ್ಗೆ ಹೇಳುತ್ತೇನೆ.

ಒಂದು ಲೆಕ್ಕ ನೋಡಿ. ಹನ್ನೆರಡು ಅಡಿ ಎತ್ತರದ ಗೋಡೆಯ ಹಿಂದೆ ಸಾಮಾನ್ಯ ಗುಣದ ಒಣ ಮಣ್ಣು ತುಂಬಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನು ಅದು ಸುಮಾರು 4 ಟನ್ ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ಆ ಬಲ ಹೆಚ್ಚು ಕಡಿಮೆ 9 ಟನ್ ಆಗುತ್ತದೆ. ಗೋಡೆ ಅದೇ, ಮಣ್ಣೂ ಅದೇ. ಹೆಚ್ಚಾದದ್ದು ನೀರು ಮಾತ್ರ. ಮಲೆನಾಡಿನಲ್ಲಿ ಉರುಳಿದ ಗೋಡೆಗಳನ್ನು ಹೋಗಿ ನೋಡಿದಾಗಲೆಲ್ಲ ಸಿಮೆಂಟ್ ಕಡಿಮೆಯಾಗಿತ್ತು ಎಂದು ಮಾತನಾಡುತ್ತಾರೆ. ಹೆಚ್ಚಿನ ಕಡೆ ಸಿಮೆಂಟಿನ ತಪ್ಪಲ್ಲ, ನೀರಿಗೆ ದಾರಿ ಇರಲಿಲ್ಲ.

ಬ್ಲಾಕಿನ ಗೋಡೆ ಬೇಡವೇ ಬೇಡ. ಅದು ಮನೆಯ ಭಾರ ಹೊರಬಲ್ಲದು, ಪಕ್ಕದಿಂದ ಬರುವ ತಳ್ಳಾಟ ತಡೆಯಲಾರದು. ನಿಮಗಿರುವ ದಾರಿ ಮೂರು. ಸೈಜುಗಲ್ಲಿನ ಗೋಡೆಯಾದರೆ ತಳದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ನಿಮ್ಮದಕ್ಕೆ ಆರರಿಂದ ಏಳು ಅಡಿ ತಳ, ಮೇಲೆ ಎರಡು ಅಡಿ. ಜಾಗ ಇಲ್ಲದಿದ್ದರೆ ಕಂಬಿ ಕಟ್ಟಿದ ಕಾಂಕ್ರೀಟ್, ಅಂದರೆ ಆರ್‌ಸಿಸಿ; ಅದಕ್ಕೂ ಅಗಲದ ಪಾದ ಬೇಕು, ಆದರೆ ಅದು ಮಣ್ಣಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಮೂರನೆಯದು ತಂತಿಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬುವ ಗೇಬಿಯನ್. ನೀರು ಅದರ ಮೈಯೆಲ್ಲ ಹಾದು ಹೋಗುವುದರಿಂದ ನಮ್ಮ ಮಳೆಗೆ ಬಹಳ ಒಗ್ಗುತ್ತದೆ, ನೋಡಲು ಚೆನ್ನಾಗಿಲ್ಲ ಎಂದು ಜನ ಬೇಡವೆನ್ನುತ್ತಾರೆ. ನನ್ನನ್ನು ಕೇಳಿದರೆ ನಾನು ಅದನ್ನೇ ಮೊದಲು ಯೋಚಿಸುತ್ತೇನೆ. ಹಿಂದೆ ಜಾಗವಿದ್ದರೆ ಹನ್ನೆರಡು ಅಡಿಯನ್ನು ಎರಡು ಮೆಟ್ಟಿಲು ಮಾಡುವುದೂ ಒಳ್ಳೆಯದೇ. ಆದರೆ ಮೆಟ್ಟಿಲುಗಳು ತೀರಾ ಹತ್ತಿರವಾದರೆ ಮೇಲಿನ ಗೋಡೆಯ ಭಾರವನ್ನೂ ಕೆಳಗಿನದೇ ಹೊರಬೇಕಾಗುತ್ತದೆ. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಐಎಸ್ 14458 ಎಂಬ ಮಾರ್ಗಸೂಚಿ ಇದೆ, ನಿಮ್ಮ ಎಂಜಿನಿಯರ್ ಅದನ್ನು ನೋಡಿಕೊಂಡು ನಕ್ಷೆ ಮಾಡಲಿ. ಈ ಎತ್ತರಕ್ಕೆ ಲೆಕ್ಕವಿಲ್ಲದೆ ಕೈ ಹಾಕಬೇಡಿ.

ಈಗ ಬಸಿಯುವ ವಿಷಯ. ಅಡಿಪಾಯ ಗಟ್ಟಿ ನೆಲ ಸಿಗುವವರೆಗೆ ಇಳಿಯಲಿ. ಗೋಡೆಯ ಹಿಂದೆ, ತೀರ ತಳದಲ್ಲಿ, ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು ಉದ್ದಕ್ಕೆ ಮಲಗಿಸಿ. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಲಿ, ಅದರ ಬಾಯಿ ನಿವೇಶನದ ಚರಂಡಿಗೆ ತೆರೆಯಲಿ. ಪೈಪಿನ ಮೇಲೆ, ಗೋಡೆಗೆ ತಾಗಿದಂತೆ ಒಂದು ಅಡಿ ದಪ್ಪಕ್ಕೆ ನಲವತ್ತು ಎಂಎಂ ಜಲ್ಲಿ ಮೇಲಿನವರೆಗೆ ಏರಬೇಕು. ಕ್ವಾರಿಯಿಂದ ಡಸ್ಟ್ ಕಲಸಿದ ಜಲ್ಲಿ ಬಂದರೆ ವಾಪಸ್ ಕಳಿಸಿ. ಅದು ಮೊದಲ ಮಳೆಗೇ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕು. ಇದನ್ನು ಬಿಟ್ಟರೆ ನಮ್ಮ ಕೆಂಪು ಮಣ್ಣು ಕೆಲವೇ ಮಳೆಗಾಲದಲ್ಲಿ ಜಲ್ಲಿಯೊಳಗೆ ಇಳಿದು ದಾರಿ ಮುಚ್ಚುತ್ತದೆ. ಧರೆ ಕಡಿದಾಗ ಬಂದ ಮಣ್ಣನ್ನೇ ಗೋಡೆಯ ಬೆನ್ನಿಗೆ ಸುರಿಯುವ ಅಭ್ಯಾಸ ಎಲ್ಲೆಡೆ ಇದೆ, ಅದಕ್ಕೆ ಅವಕಾಶ ಕೊಡಬೇಡಿ. ಮೇಲಿನ ಒಂದು ಅಡಿಗೆ ಮಾತ್ರ ಜಿಗುಟು ಮಣ್ಣು ಹಾಕಿ, ದಮ್ಮಸ್ಸು ಮಾಡಿ, ನೀರು ಜಲ್ಲಿಗೆ ಇಳಿಯದೆ ಬಸಿಗಾಲುವೆಯ ಕಡೆಗೆ ಓಡುವಂತೆ ಇಳಿಜಾರು ಕೊಡಿ.

ಗೋಡೆಯಲ್ಲಿ ಹಿಂದಿನ ನೀರು ಹೊರಗೆ ಬರಲು ಮೂರು ಅಥವಾ ನಾಲ್ಕು ಇಂಚಿನ ಪೈಪಿನ ತೂತುಗಳು, ಅಂದರೆ ವೀಪ್ ಹೋಲ್‌ಗಳು ಐದೈದು ಅಡಿಗೆ ಒಂದು, ಮೇಲಿನ ಸಾಲು ಕೆಳಗಿನ ಸಾಲಿನ ನಡುವೆ ಬರುವಂತೆ. ಎಲ್ಲವೂ ಮುಂದಕ್ಕೆ ಬಾಗಿರಲಿ. ಕೆಳಗಿನ ಸಾಲು ಅಂಗಳದ ಮಟ್ಟದಿಂದ ಅರ್ಧ ಅಡಿ, ಹೆಚ್ಚೆಂದರೆ ಒಂದು ಅಡಿ ಮೇಲಿರಲಿ. ಕಟ್ಟುವಾಗ ಗಾರೆ ಬಿದ್ದು ಪೈಪಿನ ಹಿಂಬದಿಯ ಬಾಯಿ ಮುಚ್ಚುವುದು ಬಹಳ ಸಾಮಾನ್ಯ. ಪೈಪಿಗೆ ಗೋಣಿ ತುಂಡು ತುರುಕಿ ಕಟ್ಟಲು ಹೇಳಿ. ಸಾಲು ಮುಗಿದ ಮೇಲೆ ಎಳೆದು ತೆಗೆದು, ಹಿಂದೆ ಬಲೆ ಕಟ್ಟಿ, ಜಲ್ಲಿಗೆ ಎರಡು ಕೊಡ ನೀರು ಸುರಿಸಿ. ಮುಂದೆ ನೀರು ಇಳಿದದ್ದನ್ನು ನೀವೇ ಕಣ್ಣಾರೆ ನೋಡಿದ ಮೇಲೆ ಮುಂದಿನ ವರಸೆಗೆ ಒಪ್ಪಿಗೆ ಕೊಡಿ. ಆ ಹೊತ್ತಿಗೆ ನೀವು ಸ್ಥಳದಲ್ಲಿ ಇರಲೇಬೇಕು. ಮಣ್ಣು ಮುಚ್ಚಿದ ಮೇಲೆ ಯಾವ ಎಂಜಿನಿಯರ್ ಬಂದರೂ ಒಳಗಿನದನ್ನು ನೋಡಲಾರ.

ಚಿಕ್ಕಮಗಳೂರಿನವರು, ಕರಾವಳಿಯಲ್ಲಿ ಕೆಲಸ ಮಾಡಿದವರು

ಭಾವನವರ ಕೆಂಪುಕಲ್ಲಿನ ಗೋಡೆಯ ಬಗ್ಗೆ ಹೇಳಬೇಕು. ನಾನು ಮಂಗಳೂರು, ಉಡುಪಿ ಕಡೆ ಬಹಳ ಕಾಲ ಕಟ್ಟಡ ಕೆಲಸ ಮಾಡಿಸಿದ್ದೇನೆ. ಅಲ್ಲಿಯ ನೆಲವೇ ಬೇರೆ. ಮೇಲೆ ಗಟ್ಟಿಯಾದ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಪದರ, ಅದರ ಅಡಿಯಲ್ಲಿ ಶೇಡಿ ಮಣ್ಣು. ಬೇಸಿಗೆಯಲ್ಲಿ ಕಡಿದರೆ ಎರಡೂ ನೆಟ್ಟಗೆ ನಿಲ್ಲುತ್ತವೆ, ನೋಡಿದವರಿಗೆ ಗೋಡೆಯೇ ಬೇಡ ಎನಿಸುತ್ತದೆ. ಮಳೆ ನೀರು ಒಳಹೊಕ್ಕರೆ ಶೇಡಿ ಮಣ್ಣು ನೆನೆದ ಅವಲಕ್ಕಿಯಂತೆ ಮೆತ್ತಗಾಗಿ ಜಾರುತ್ತದೆ, ಮೇಲಿನ ಮುರಕಲ್ಲು ಆಧಾರ ತಪ್ಪಿ ಬಂಡೆ ಬಂಡೆಯಾಗಿ ಬೀಳುತ್ತದೆ. ಹಾಗಾಗಿ ಅಲ್ಲಿ ತಡೆಗೋಡೆಯ ಮೊದಲ ಕೆಲಸ ಆ ಶೇಡಿ ಪದರಕ್ಕೆ ಮಳೆ ತಾಗದಂತೆ ಮುಚ್ಚುವುದು, ಅದರ ಹಿಂದಿನ ನೀರನ್ನು ಹೊರಗೆ ತರುವುದು.

ಕೆಂಪುಕಲ್ಲು ಅಲ್ಲಿ ನಿವೇಶನದ ಪಕ್ಕದಲ್ಲೇ ಸಿಗುತ್ತದೆ, ಕಟ್ಟುವ ಕೈಯೂ ಅಲ್ಲೇ ಇದೆ. ನಾಲ್ಕೈದು ಅಡಿಯ ಗೋಡೆಗೆ ಚೆನ್ನಾಗಿಯೇ ಒಗ್ಗುತ್ತದೆ. ಅದನ್ನು ಘಾಟಿ ಹತ್ತಿಸಿ ತಂದು ಹನ್ನೆರಡು ಅಡಿ ಎತ್ತರಕ್ಕೆ ಕಟ್ಟುವುದರಲ್ಲಿ ಅರ್ಥವಿಲ್ಲ. ಹಾಸನ ಜಿಲ್ಲೆಯ ಗ್ರಾನೈಟ್ ಅದಕ್ಕಿಂತ ಭಾರ, ಅದಕ್ಕಿಂತ ಗಟ್ಟಿ; ಇಂಥ ಗೋಡೆ ನಿಲ್ಲುವುದೇ ತನ್ನ ಭಾರದಿಂದ.

ಭಾವನವರ ಊರಿನವರೂ ಇದನ್ನು ಓದುತ್ತಿರಬಹುದು, ಅವರಿಗೂ ಒಂದು ಮಾತು. ಕಡಲಿನ ಹತ್ತಿರ ಆರ್‌ಸಿಸಿ ಗೋಡೆ ಕಟ್ಟಿಸುವುದಾದರೆ ಉಪ್ಪು ಗಾಳಿ ಕಂಬಿಯನ್ನು ತಿನ್ನುತ್ತದೆ. ಎಂ30 ದರ್ಜೆಯ ಕಾಂಕ್ರೀಟ್, ಕಂಬಿಯ ಮೇಲೆ 45 ಎಂಎಂ ಮುಚ್ಚಿಗೆ ಇಲ್ಲದೆ ಒಪ್ಪಬೇಡಿ. ಅಲೆಯ ತುಂತುರು ನೇರ ಬಡಿಯುವ ಜಾಗವಾದರೆ ಇನ್ನೂ ಹೆಚ್ಚು ಬೇಕು. ಅಳಿವೆ, ಹಿನ್ನೀರಿನ ದಡದಲ್ಲಿರುವವರಿಗೆ ಇನ್ನೊಂದು ತೊಂದರೆ. ಉಬ್ಬರದಲ್ಲಿ ಗೋಡೆಯ ಎರಡೂ ಕಡೆ ನೀರು ಸಮವಾಗಿರುತ್ತದೆ. ಇಳಿತದಲ್ಲಿ ಮುಂದಿನದು ಬೇಗ ಇಳಿದು ಹೋಗುತ್ತದೆ, ಹಿಂದಿನದು ಮಣ್ಣಿನಲ್ಲಿ ಉಳಿದು ಹೊರಕ್ಕೆ ತಳ್ಳುತ್ತದೆ. ದಿನಕ್ಕೆ ಎರಡು ಸಲ ಈ ತಳ್ಳಾಟ. ಅಲ್ಲಿ ವೀಪ್ ಹೋಲ್ ಹೆಚ್ಚು ಬೇಕು, ಮರಳು ಸೋರಿ ಹೋಗದಂತೆ ಅವುಗಳ ಹಿಂದೆ ಬಟ್ಟೆಯೂ ಬೇಕು.

ಕೊಪ್ಪದ ಗೃಹಿಣಿ

ಎಲ್ಲರೂ ಕಟ್ಟುವುದರ ಬಗ್ಗೆ ಹೇಳಿದ್ದಾರೆ, ಗೋಡೆಯ ಜೊತೆ ಬದುಕುವುದನ್ನು ನಾನು ಹೇಳುತ್ತೇನೆ. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿಯೇ ತಡೆಗೋಡೆ ಇದೆ. ಜೋರು ಮಳೆಯಲ್ಲಿ ತೂತುಗಳಿಂದ ತಿಳಿ ನೀರು ಸುರಿಯುತ್ತಿದ್ದರೆ ನನಗೆ ನೆಮ್ಮದಿ. ಕೆಂಪು ನೀರು ಬರಲು ಶುರುವಾದರೆ ಒಳಗೆ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದು ಅರ್ಥ. ಎಲ್ಲಕ್ಕಿಂತ ಭಯ ಬೀಳಬೇಕಾದದ್ದು ವಾರಗಟ್ಟಲೆ ಮಳೆ ಸುರಿದರೂ ತೂತು ಒಣಗಿಯೇ ಇದ್ದಾಗ. ಪಕ್ಕದ ಬೀದಿಯ ಮನೆಯೊಂದರಲ್ಲಿ ಹೀಗೇ ಆಗಿತ್ತು. ಮಧ್ಯದಲ್ಲಿ ಗೋಡೆ ಸ್ವಲ್ಪ ಉಬ್ಬಿತ್ತು, ಕಲ್ಲಿನ ಸಂದಿಯಲ್ಲಿ ಕೂದಲಿನಷ್ಟು ಬಿರುಕು. ಅವರು ಹಿಂದಿನ ಕೋಣೆ ಖಾಲಿ ಮಾಡಿ, ಕಬ್ಬಿಣದ ಸರಳು ಹಾಕಿ ತೂತುಗಳನ್ನು ಚುಚ್ಚಿಸಿದ ಮೇಲೆ ಚಿಮ್ಮಿ ಬಂದ ನೀರು ಅಂಗಳ ತುಂಬಿತು.

ಮೇ ತಿಂಗಳಲ್ಲಿ ಪ್ರತಿ ತೂತಿಗೂ ಸರಳು ಹಾಕಿ ನೋಡುತ್ತೇವೆ. ಕಣಜದ ಗೂಡು, ಇರುವೆ ಮಣ್ಣು, ಬೇರು, ಏನಾದರೂ ಇದ್ದೇ ಇರುತ್ತದೆ. ಮೇಲೆ ಅಂಚಿಗೆ ಲಾವಂಚ ನೆಟ್ಟಿದ್ದೇವೆ. ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ, ಮರದ ಹಾಗೆ ಗೋಡೆಯನ್ನು ನೂಕುವುದಿಲ್ಲ.

ಮಾಡಿನ ನೀರನ್ನೂ ಮರೆಯಬೇಡಿ. ಸಾವಿರ ಚದರ ಅಡಿ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ, ಅದನ್ನು ಗೋಡೆಯ ಬುಡಕ್ಕೆ ಬಿಡಬಾರದು. ಶೌಚಗುಂಡಿ, ಇಂಗುಗುಂಡಿ ಎರಡೂ ಗೋಡೆಯಿಂದ ದೂರವಿರಲಿ. ವೀಪ್ ಹೋಲ್‌ನ ನೀರು ಕೆಳಮನೆಯವರ ಅಂಗಳಕ್ಕೆ ಹೋಗದಂತೆ ಚರಂಡಿಯನ್ನೂ ಈಗಲೇ ಮಾಡಿಸಿ, ಇಲ್ಲದಿದ್ದರೆ ನೆರೆಯವರ ಜೊತೆ ಮುಗಿಯದ ಜಗಳ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೇಲಿನ ತೋಟದವರು ಕಾಲುವೆಗೆ ಒಪ್ಪಿದ್ದಾರೆ, ತೊಟ್ಟಿಲು ಗುಂಡಿ ಮುಚ್ಚಿಸುವುದಾಗಿಯೂ ಹೇಳಿದರು. ಆದರೆ ಕಲ್ಲು ಬರುವುದು ತಡವಾಗುತ್ತಿದೆ. ಜೂನ್ ಒಳಗೆ ಪೂರ್ತಿ ಆಗದಿದ್ದರೆ ಅರ್ಧಕ್ಕೆ ನಿಲ್ಲಿಸಬಹುದೇ?

ಹಾಸನದ ಸಿವಿಲ್ ಎಂಜಿನಿಯರ್

ಪೂರ್ತಿ ಉದ್ದಕ್ಕೆ ಅಡಿಪಾಯ ತೋಡಿ ನಿಲ್ಲಿಸುವುದು ಮಾತ್ರ ಬೇಡ. ಧರೆಯ ಬುಡ ಕಡಿದು ಬಿಟ್ಟಂತೆ ಆಗುತ್ತದೆ. ಹತ್ತು ಹನ್ನೆರಡು ಅಡಿಯ ತುಂಡು ತುಂಡಾಗಿ ತೋಡಿ, ಒಂದು ತುಂಡು ಎತ್ತರಕ್ಕೆ ಬಂದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಮೇ ಮಧ್ಯದೊಳಗೆ ಕಲ್ಲು ಬಾರದಿದ್ದರೆ ಈ ವರ್ಷ ಗೋಡೆ ಬಿಡಿ. ಮೇಲಿನ ಬಸಿಗಾಲುವೆಯನ್ನು ಮಾತ್ರ ಮುಗಿಸಿ, ಧರೆಯ ತಲೆಯನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿಸಿ, ಮುಖಕ್ಕೆ ದಪ್ಪ ಟಾರ್ಪಾಲು ಹೊದಿಸಿ. ಟಾರ್ಪಾಲಿನ ಮೇಲಿನ ಅಂಚು ಕಾಲುವೆಯೊಳಗೆ ಮಡಚಿ ಕೂರಬೇಕು, ಇಲ್ಲದಿದ್ದರೆ ನೀರು ಅದರ ಹಿಂದೆಯೇ ಇಳಿಯುತ್ತದೆ. ನವೆಂಬರ್‌ನಲ್ಲಿ ನೆಲ ಒಣಗಿದ ಮೇಲೆ ಕೆಲಸ ಶುರು ಮಾಡಿ. ಅಲ್ಲಿಯವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ, ಕೆಲಸದವರ ಶೆಡ್ಡನ್ನೂ ಧರೆಯ ಬುಡದಿಂದ ತೆಗೆಸಿ.