ಎಡಗಿವಿಗೊಬ್ಬ, ಬಲಗಿವಿಗೊಬ್ಬ

ಬಸ್ಯಾ ಹೊಸ ಗಿಟಾರ್ ತಗೊಂಡಾನೆ. ದಾವಣಗೆರೆ ಲೆಕ್ಕದಲ್ಲಿ ಇಂಥ ವಿಷಯ ಮಂಡಕ್ಕಿ-ಮಿರ್ಚಿ ಅಂಗಡಿ ಬೆಂಚಿನ ಮೇಲೇ ಇತ್ಯರ್ಥ ಆಗಬೇಕು.

"ಕೇಳೋಕೆ ಹತ್ತು ಗಿಟಾರ್ ಆಲ್ಬಮ್ ಹೆಸರು ಹೇಳ್ರಲೇ, ಸಾಕು," ಅಂದ ಬಸ್ಯಾ.

"ಹೆಸರು ಆಮೇಲೆ. ಯಾವುದರಲ್ಲಿ ಕೇಳ್ತೀಯ?" ಅಂದ ತಿಪ್ಪೇಶ.

"ಬ್ಲೂಟೂತ್ ಡಬ್ಬಿ ಐತಲ್ಲ."

"ಹಂಗಾದ್ರೆ 'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ' ನಿನಗೆ ಅರ್ಧ ದಂಡ. 1980ರ ಡಿಸೆಂಬರ್ 5ರ ಕಛೇರಿ ಅದು. ಪಾಕೋ ದೆ ಲೂಸಿಯಾ, ಅಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್. ಮೂರೇ ಗಿಟಾರ್, ಡ್ರಮ್ಮಿಲ್ಲ ಏನಿಲ್ಲ. ಮೊದಲನೇದು ಪಾಕೋ-ಅಲ್ ಇಬ್ಬರ ಜುಗಲ್‌ಬಂದಿ. ಇಯರ್‌ಫೋನ್ ಹಾಕ್ಕೋ."

ಇದ್ದದ್ದೊಂದೇ ಇಯರ್‌ಫೋನ್. ಎಡಗಡೆದು ಬಸ್ಯಾ ಕಿತ್ಕೊಂಡ, ಬಲಗಡೆದು ಮಂಜನ ಪಾಲಾಯ್ತು.

"ಆಹಾ, ಎಷ್ಟು ದುಂಡಗೆ ಐತಲೇ ನಾದ!"

"ದುಂಡಗೆಲ್ಲಿ? ತಗಡಿನ ಮೇಲೆ ಆಲಿಕಲ್ಲು ಬಿದ್ದಂಗೈತೆ."

"ನಿನ್ನ ಕಿವಿ ತೊಳಕೊಂಡು ಬಾ."

ಮಂಡಕ್ಕಿ ಮೆತ್ತಗಾಗೋ ತನಕ ಜಗಳ ನಡೀತು. ಕೊನೆಗೆ ರೇಣುಕಾನೇ ಬಾಯಿ ಹಾಕಬೇಕಾಯ್ತು. "ಇಬ್ಬರೂ ಸರಿ ಕಣ್ರೋ. ಎಡಗಡೆ ಪಾಕೋ, ನೈಲಾನ್ ತಂತಿ, ಬರಿ ಬೆರಳು. ಬಲಗಡೆ ಅಲ್, ಸ್ಟೀಲ್ ತಂತಿ, ಕೈಯಲ್ಲಿ ಮೀಟೋ ಬಿಲ್ಲೆ, ಅದೇ ಪಿಕ್. ನಡುನಡುವೆ ಅಂಗೈ ಅಂಚನ್ನ ಬ್ರಿಜ್ ಮೇಲೆ, ಅಂದ್ರೆ ತಂತಿ ಕೊನೆಯಾಗೋ ಪಟ್ಟಿ ಮೇಲೆ, ಒತ್ತಿ ನಾದ ಅಡಗಿಸ್ತಾನೆ, ಆಗ ಕೇಳೋದೇ ಆ ಕಟಕಟ. ನಿಮ್ಮ ಡಬ್ಬಿಯೊಳಗೆ ಎರಡೂ ಕಲಸಿಹೋಗುತ್ತೆ, ಯಾರು ಪ್ರಶ್ನೆ ಕೇಳಿದ್ರು ಯಾರು ಉತ್ತರ ಕೊಟ್ಟರು ಗೊತ್ತೇ ಆಗಲ್ಲ."

"ಮನೇಲಿ ಅಪ್ಪಾಜಿ ಒಪ್ಪಲ್ಲ, ಗಿಟಾರ್ ಅಂದ್ರೆ ಬರೀ ಗದ್ದಲ ಅಂತಾರೆ," ಅಂದ ಬಸ್ಯಾ.

"ಬೆಳಿಗ್ಗೆ 'ಕಾಲ್ ಆಫ್ ದಿ ವ್ಯಾಲಿ' ಹಚ್ಚು. 1967ರದು. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಶುರುವಾಗೋದೇ ಆಹಿರ್ ಭೈರವ ರಾಗದಲ್ಲಿ. ಕಾಬ್ರಾ ಗಿಟಾರನ್ನ ಅಡ್ಡಡ್ಡ ಮಲಗಿಸಿ, ತಂತಿ ಮೇಲೆ ಉಕ್ಕಿನ ಸರಳು ಜಾರಿಸ್ತಾರೆ. ಫ್ರೆಟ್ಟಿನ, ಅಂದ್ರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ, ಹಂಗೇ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಸಲೀಸು. ಅಪ್ಪಾಜಿ ತಾವೇ ವಾಲ್ಯೂಮ್ ಏರಿಸ್ತಾರೆ."

"ಅದು ರುಚಿಸಿದ್ರೆ 1993ರ 'ಎ ಮೀಟಿಂಗ್ ಬೈ ದ ರಿವರ್'," ಅಂದಳು ರೇಣುಕಾ. "ವಿಶ್ವಮೋಹನ ಭಟ್ಟರ ಮೋಹನ ವೀಣೆ, ರೈ ಕೂಡರ್ ಗಿಟಾರ್. ಇಬ್ಬರದೂ ಜಾರೋ ಕೆಲಸವೇ, ಆದ್ರೆ ಒಬ್ಬರು ರಾಗದಿಂದ ಬರ್ತಾರೆ, ಇನ್ನೊಬ್ಬರು ಬ್ಲೂಸಿನಿಂದ."

"ನನಗೆ ಕರ್ನಾಟಕದ ಗಮಕ ಬೇಕು. ಮಲಗಿಸದೆ."

"ಹಂಗಾದ್ರೆ 1976ರ 'ಶಕ್ತಿ'. ಎಲ್. ಶಂಕರ್ ವಯಲಿನ್, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಮೆಕ್‌ಲಾಫ್ಲಿನ್ ಗಿಟಾರಲ್ಲಿ ಫ್ರೆಟ್ಟುಗಳ ನಡುವಿನ ಕಟ್ಟಿಗೆ ತೋಡಿಸಿದಾನೆ. ಬೆರಳ ಕೆಳಗೆ ಕಟ್ಟಿಗೆ ತಾಗಲ್ಲ, ತಂತಿ ಎಷ್ಟು ಬೇಕೋ ಅಷ್ಟು ಎಳೀಬಹುದು."

ಬಸ್ಯಾನ ಕಣ್ಣು ಹೊಳೆದವು. "ನಮ್ಮ ಸೋದರಮಾವನ ಹತ್ರ ಅರ ಐತೆ..."

"ಮುಟ್ಟೀಯ ಮತ್ತೆ!" ಮೂವರೂ ಒಟ್ಟಿಗೆ ಕೂಗಿದ್ರು. ತೋಡಿದ ಗಿಟಾರಲ್ಲಿ ಕೈ ಸ್ವಲ್ಪ ಬಿಗಿಯಾದ್ರೂ ತಂತಿ ಹಳ್ಳಕ್ಕಿಳಿದು ಸ್ವರ ಮೇಲೆ ಹೋಗುತ್ತೆ. ಹೊಸಬರ ಹಿಡಿತ ಯಾವಾಗಲೂ ಬಿಗಿ. ಹಲವು ತಂತಿ ಒಟ್ಟಿಗೆ ಒತ್ತೋ ಕಾರ್ಡ್ ಹಿಡಿದರೆ ಆರು ತಂತಿಗೂ ಆರು ಶ್ರುತಿ.

"ಮೊದಲು ಆ ಮಿರ್ಚಿ ಕೈ ಒರೆಸ್ಕೋ," ಅಂದ ತಿಪ್ಪೇಶ. "ದಪ್ಪ ತಂತಿಗೆ ಸುತ್ತಿರೋ ಸಣ್ಣ ತಂತಿಯ ಸಂದಿಗೆ ಎಣ್ಣೆ-ಪುಡಿ ಹೊಕ್ಕರೆ ನಾದ ಮಂಕಾಗುತ್ತೆ."

ಬ್ಲೂಸಿಗೆ ಬಿ.ಬಿ. ಕಿಂಗ್‌ನ 'ಲೈವ್ ಅಟ್ ದಿ ರೀಗಲ್' ಅಂತ ತಕರಾರಿಲ್ಲದೆ ಪಾಸಾಯ್ತು. ಹಾಡುವಾಗ ಗಿಟಾರ್ ಸುಮ್ಮನಿರುತ್ತೆ, ಹಾಡು ನಿಂತಾಗ ಅದು ಮಾತಾಡುತ್ತೆ. ಅಷ್ಟೇ ಗಮನಿಸಿದರೆ ಸಾಕು.

ಜಾಝ್ ಬಂದಾಗ ರೇಣುಕಾ ಬೆಂಚಿನ ತುದಿಗೆ ಸರಿದಳು. "ವೆಸ್ ಮಾಂಟ್ಗೊಮರಿ, 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್', 1960. ಪಿಕ್ ಇಲ್ಲ, ಬರೀ ಹೆಬ್ಬೆರಳು. ಅವನ ಗುರುತೇ ಆಕ್ಟೇವು, ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ. ಆರನೇ ತಂತಿ ಹಿಡಿದ್ರೆ ಜೋಡಿ ನಾಲ್ಕನೇದರಲ್ಲಿ, ಎರಡು ಫ್ರೆಟ್ ಮುಂದೆ. ಐದಕ್ಕೆ ಮೂರು, ಅಲ್ಲೂ ಎರಡೇ ಫ್ರೆಟ್. ನಾಲ್ಕನೇದರಿಂದ ಎರಡಕ್ಕೆ, ಮೂರನೇದರಿಂದ ಒಂದಕ್ಕೆ ಮಾತ್ರ ಮೂರು ಫ್ರೆಟ್."

"ಅದ್ಯಾಕೆ ಮೂರು?"

"ಮೂರನೇ-ಎರಡನೇ ತಂತಿ ನಡುವಿನ ಅಂತರ ಒಂದು ಅರ್ಧಸ್ವರ, ಅಂದ್ರೆ ಒಂದು ಫ್ರೆಟ್ಟಿನಷ್ಟು, ಕಮ್ಮಿ, ಅದಕ್ಕೆ. ನಡುವಿನ ತಂತಿಯನ್ನ ತೋರುಬೆರಳಿಂದ ಮೆಲ್ಲಗೆ ಮುಟ್ಟಿ ಬಾಯಿ ಮುಚ್ಚಿಸು, ಇಲ್ಲಾಂದ್ರೆ ಅದೂ ಕೂಗುತ್ತೆ."

"ನಮ್ಮ ಮಂಜನ ಥರ."

ಮಂಜ ಕಾದಿದ್ದೇ ಇದಕ್ಕೆ. "ಗಿರಣಿ ಊರಲ್ಲಿ ಹುಟ್ಟಿ ಹೆವಿ ಮೆಟಲ್ ಬಿಡ್ತೀರೇನಲೇ? ಬ್ಲ್ಯಾಕ್ ಸಬ್ಬತ್, 'ಮಾಸ್ಟರ್ ಆಫ್ ರಿಯಾಲಿಟಿ', 1971. ಅದರ ಗಿಟಾರಿಸ್ಟ್ ಟೋನಿ ಅಯೋಮಿ ಎಡಚ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೇಲಿ ಬಲಗೈಯ ಎರಡು ಬೆರಳ ತುದಿ ಹೋಯ್ತು, ತಂತಿ ಒತ್ತೋ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಟೊಪ್ಪಿಗೆ ಮಾಡಿ ಹಾಕ್ಕೊಂಡ. ಈ ಆಲ್ಬಮ್ಮಿನ ಕೆಲವು ಹಾಡಿಗೆ ಶ್ರುತಿ ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲ, ಬೆರಳಿಗೆ ಹಗುರ, ನಾದ ಮಾತ್ರ ಭಾರ."

ಬಸ್ಯಾ ಆಗಲೇ ಶ್ರುತಿ ಬಿರಡೆ ತಿರುವ್ತಾ ಇದ್ದ. ಮೀಟಿದರೆ ಝರ್ ಅಂತು.

"ಒಂಬತ್ತರ ಸೆಟ್, ಅಂದ್ರೆ ತೆಳು ತಂತಿ, ಇಟ್ಕೊಂಡು ಅಷ್ಟು ಇಳಿಸಿದ್ರೆ ತಂತಿ ಫ್ರೆಟ್ಟಿಗೆ ಬಡೀತೈತೆ. ಹನ್ನೊಂದರ ದಪ್ಪ ಸೆಟ್ ಹಾಕು. ದಪ್ಪ ತಂತಿ ನಟ್ಟಿನ, ಅಂದ್ರೆ ಕತ್ತಿನ ತುದಿಯ ಪಟ್ಟಿಯ, ಸೀಳಿನಲ್ಲಿ ಸಿಕ್ಕಿಹಾಕ್ಕೊಂಡ್ರೆ ಶ್ರುತಿ ನಿಲ್ಲಲ್ಲ, ಪೆನ್ಸಿಲ್ ತುದಿ ತಿಕ್ಕು. ಅದರ ಪುಡಿಗೆ ಜಾರುತ್ತೆ."

"ಎಚ್‌ಬೀನೋ, ಟೂಬೀನೋ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದ್ರು. "ಟೂಬಿ," ಅಂದಳು ರೇಣುಕಾ. "ಮೆತ್ತಗಿರುತ್ತೆ, ಪುಡಿ ಜಾಸ್ತಿ ಹತ್ತುತ್ತೆ."

ಬಸ್ಯಾ ಗಿಟಾರ್ ಬೆಂಚಿನ ಮೇಲೇ ಬಿಟ್ಟು ಸ್ಟೇಷನರಿ ಅಂಗಡಿ ಕಡೆ ಓಡಿದ.