ಅಜ್ಜಿಯ ಪೆಟ್ಟಿಗೆಯ ಮೂರು ನಾಣ್ಯ: ಅಸಲಿ ಯಾವುದು, ನಕಲಿ ಯಾವುದು?

ಪುತ್ತೂರು_ಮಾಣಿ:
ನಮಸ್ಕಾರ. ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಮೂರು ನಾಣ್ಯ ಸಿಕ್ಕಿವೆ.

ಒಂದರ ಮೇಲೆ 'ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್ ಒನ್ ಆಣಾ, 1818' ಎಂದಿದೆ. ಹಿಂದೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಎರಡನೆಯದು 1835ರ ಬೆಳ್ಳಿ ರೂಪಾಯಿ. ರಾಜ ನಾಲ್ಕನೇ ವಿಲಿಯಂ ಅಲ್ವಾ, ಆದರೆ ರೋಮನ್ ಅಂಕಿಯ 'ಐವಿ' ಬದಲು ನಾಲ್ಕು 'ಐ' ಹಾಕಿದ್ದಾರೆ. ಮೂರನೆಯದು ತಾಮ್ರದ್ದು, 'ಎಕ್ಸ್ ಎಕ್ಸ್ ಕ್ಯಾಶ್' (ಅಂದರೆ 20 ಕಾಸು), 1808.

ಮೂರೂ ಮ್ಯಾಗ್ನೆಟ್‌ಗೆ ಅಂಟಲಿಲ್ಲ. ಹಾಗಾದರೆ ಅಸಲಿ ತಾನೇ? ರಾಮನ ನಾಣ್ಯಕ್ಕೆ 5 ಲಕ್ಷ ಕೊಡುತ್ತೇನೆ ಎಂದು ಫೋನಿನಲ್ಲಿ ಒಬ್ಬರು ಹೇಳಿದ್ದಾರೆ. ಮೊದಲು 2,000 ನೋಂದಣಿ ಶುಲ್ಕ ಕಟ್ಟಬೇಕಂತೆ.

ಹಳೇಕಾಸು:
ದುಡ್ಡು ಕಟ್ಟಬೇಡಿ. ಹಳೇ ನಾಣ್ಯದ ಹೆಸರಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮ್ಯಾಗ್ನೆಟ್‌ಗೆ ಅಂಟಿದರೆ ನಕಲಿ, ಅಷ್ಟೇ. ಅಂಟದಿದ್ದರೆ ಅಸಲಿ ಎಂದೇನಿಲ್ಲ. ಹಿತ್ತಾಳೆಯೂ ಅಂಟುವುದಿಲ್ಲ.

ರಾಮನದ್ದನ್ನು ತೂಗುವ ಕೆಲಸವೇ ಬೇಡ, ಅಂಥ ನಾಣ್ಯ ಇರಲೇ ಇಲ್ಲ. ಆಣೆ ಲೆಕ್ಕ ಹಳೆಯದೇ, ಆದರೆ ಅಲೆಯಂಥ ಅಂಚಿನ ಒಂದಾಣೆ ನಾಣ್ಯ ಬಂದದ್ದು ಏಳನೇ ಎಡ್ವರ್ಡ್ ಕಾಲದಲ್ಲಿ, 1907ರ ಸುಮಾರಿಗೆ. 1818ರಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿಗಳ ನಾಣ್ಯ ಬೇರೆ ಬೇರೆ ಇದ್ದವು. ಕಂಪನಿ ಎಲ್ಲ ಕಡೆಗೂ ಒಂದೇ ನಾಣ್ಯ ತಂದದ್ದು 1835ರಲ್ಲಿ. ನಿಮ್ಮದು ದೇವರ ಮನೆಯ ಬಿಲ್ಲೆ. ಇದರಲ್ಲೇ 1616, 1717 ಎಂದು ಬರೆದದ್ದೂ ಬರುತ್ತದೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತೆ, ಇರಿಡಿಯಂ ಎಂಬ ದುಬಾರಿ ಲೋಹ ಇದೆ ಎಂದು ಮೋಸಗಾರರು ತೋರಿಸುವುದು ಇಂಥದ್ದನ್ನೇ.

ವರಾಹಪ್ರಿಯ:
ಒಪ್ಪುತ್ತೇನೆ. ಆದರೆ 'ದೇವರ ಚಿತ್ರ ಇದ್ದರೆ ನಕಲಿ' ಎಂದು ಯಾರೂ ತಿಳಿದುಕೊಳ್ಳಬೇಡಿ. ಮದ್ರಾಸಿನಲ್ಲಿ ಕಂಪನಿಯೇ ವಿಷ್ಣುವಿನ ಚಿತ್ರದ ವರಾಹ (ಚಿನ್ನದ ನಾಣ್ಯ) ಹೊಡೆಸಿದೆ, ಕೆಲವದರ ಹಿಂದೆ ಗೋಪುರವೂ ಇದೆ. ಹೈದರಾಲಿಯ ವರಾಹದಲ್ಲಿ ಶಿವ ಪಾರ್ವತಿ ಇದ್ದಾರೆ. ಇಲ್ಲಿ ಎಡವಿದ್ದು ರಾಮನಿಂದಲ್ಲ, 'ಒಂದಾಣೆ' ಮತ್ತು ಕಂಪನಿಯ ನಾಣ್ಯಗಳಲ್ಲಿ ಇಲ್ಲದ 'ಯುಕೆಎಲ್' ಅಕ್ಷರಗಳಿಂದ.

ಹಳೇಕಾಸು:
ಸರಿಯಾದ ಮಾತು.

ಮಾಣಿ, ರೂಪಾಯಿಯ ನಾಲ್ಕು 'ಐ' ನೋಡಿ ಹೆದರಬೇಡಿ, ಅಸಲಿಯಲ್ಲೂ ಹಾಗೇ ಇದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೆ, ಬದಿಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಬರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ, ಸಿಗುವುದೇ ಲೋಹದ ಸಾಂದ್ರತೆ. ಉಜ್ಜಬೇಡಿ! ಹುಣಸೆಹಣ್ಣೂ ಬೇಡ, ಪೀತಾಂಬರಿಯೂ ಬೇಡ. ತೊಳೆದು ಹೊಳೆಸಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಡಿಮೆ ಮಾಡುತ್ತಾರೆ.

ಪುತ್ತೂರು_ಮಾಣಿ:
ಮಾಡಿದೆ ಸರ್. ರೂಪಾಯಿ 9.72 ಗ್ರಾಂ, ನೀರಿನ ಅಂಕಿ 1.13. ತಾಮ್ರದ್ದು 9.1 ಗ್ರಾಂ, ನೀರಿನದು 1.02.

ಹಳೇಕಾಸು:
ರೂಪಾಯಿ ನಕಲಿ. ಅಸಲಿಯ ತೂಕ 11.66 ಗ್ರಾಂ. ಕೈಯಿಂದ ಕೈಗೆ ಹೋಗಿ ಸವೆದರೆ ಸ್ವಲ್ಪ ಕಮ್ಮಿಯಾಗಬಹುದು, ಸುಮಾರು 2 ಗ್ರಾಂ ಹೋಗುವಷ್ಟು ಸವೆದರೆ ರಾಜನ ಮುಖವೇ ಉಳಿಯುವುದಿಲ್ಲ. ಸಾಂದ್ರತೆ 8.6 ಬಂತು, ರೂಪಾಯಿಯ ಬೆಳ್ಳಿಗೆ 10.3ರ ಹತ್ತಿರ ಬರಬೇಕು. ಇದು ಜರ್ಮನ್ ಸಿಲ್ವರ್ ಇರಬಹುದು. ಅದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ, ಸತು, ನಿಕ್ಕಲ್.

ಮಜಾ ಏನೆಂದರೆ, ಅಸಲಿ ನಾಣ್ಯವನ್ನು ಮುಳುಗಿಸಿದರೂ ಬರುವುದು 1.13ರ ಹತ್ತಿರವೇ. ಅಂದರೆ ಗಾತ್ರದಲ್ಲಿ ತಪ್ಪಿಲ್ಲ, ಲೋಹದಲ್ಲಿ ತಪ್ಪಿದೆ. ಅಸಲಿಯ ಅಚ್ಚು ತೆಗೆದು ಎರಕ ಹೊಯ್ದಿರಬಹುದು. ಭೂತಗನ್ನಡಿಯಲ್ಲಿ ಅಕ್ಷರಗಳ ಸುತ್ತ ಸಣ್ಣ ಗುಳಿ, ಗುಳ್ಳೆ ಕಾಣುತ್ತಿವೆಯಾ ನೋಡಿ. ಅಂಚಿನ ಗೀರುಗಳ ನಡುವೆ ಬೆಸುಗೆಯಂಥ ಗೆರೆ ಇದ್ದರಂತೂ ಮಾತೇ ಇಲ್ಲ.

ಪುತ್ತೂರು_ಮಾಣಿ:
ಗೆರೆ ಇದೆ 😞 ಗುಳಿಯೂ ಇದೆ. ತಾಮ್ರದ್ದೂ ಹೋಯ್ತಾ?

ವರಾಹಪ್ರಿಯ:
ಇಲ್ಲ, ಅದೇ ಚೆನ್ನಾಗಿರುವುದು. ಸಾಂದ್ರತೆ 8.9, ತಾಮ್ರದ್ದೇ. ಅಸಲಿಯ ತೂಕ ಸುಮಾರು 9.3 ಗ್ರಾಂ, ಸವೆತ ಕಳೆದರೆ ನಿಮ್ಮದು ಸರಿಹೋಗುತ್ತದೆ. ಒಂದು ಬದಿ ಸಿಂಹಗಳ ಲಾಂಛನ, ಇನ್ನೊಂದು ಬದಿ ಪಾರ್ಸಿ ಬರಹ ಇದೆಯಾ ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ, ಸೋಹೋ ಟಂಕಸಾಲೆಯಲ್ಲಿ ಮದ್ರಾಸಿಗೆಂದೇ ಹೊಡೆದದ್ದು. ದಕ್ಷಿಣ ಕನ್ನಡ ಆಗ ಮದ್ರಾಸು ಸರ್ಕಾರದಡಿ ಇತ್ತು, ಅಜ್ಜಿಯ ಪೆಟ್ಟಿಗೆಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಲಕ್ಷಗಳ ಆಸೆ ಮಾತ್ರ ಬೇಡ. ಈ ನಾಣ್ಯಗಳನ್ನು ಹೊತ್ತ 'ಅಡ್ಮಿರಲ್ ಗಾರ್ಡ್ನರ್' ಹಡಗು 1809ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. ಆಮೇಲೆ ಅದರಿಂದ ರಾಶಿ ರಾಶಿ ಮೇಲೆತ್ತಿದರು. ಹಾಗಾಗಿ 1808ರದ್ದು ಅಪರೂಪವಲ್ಲ.

ಪುತ್ತೂರು_ಮಾಣಿ:
ಅರ್ಥವಾಯಿತು. ಅಮೆರಿಕದಲ್ಲಿರುವ ಭಾವನಿಗೆ ನಾಣ್ಯದ ಹುಚ್ಚು ಜಾಸ್ತಿ. ತಾಮ್ರದ್ದನ್ನು ಅವರಿಗೆ ಕಳಿಸಬಹುದಾ?

ಹಳೇಕಾಸು:
ಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಸುಮ್ನೆ ಪಾರ್ಸಲ್ ಮಾಡಿ ದೇಶದಿಂದಾಚೆ ಕಳಿಸುವಂತಿಲ್ಲ. ಭಾವ ಊರಿಗೆ ಬಂದಾಗ ತೋರಿಸಿ. ಬೇಕಾದರೆ ರಾಮನ ಬಿಲ್ಲೆ ಕಳಿಸಿ, ಆದರೆ ಅದು ನಾಣ್ಯವಲ್ಲ ಎಂದು ಮೊದಲೇ ಹೇಳಿಬಿಡಿ.