ಜಿಂಕ್ ಕೊಟ್ಟ ಮೇಲೆ ಟೊಮೆಟೊ ಚಿಗುರು ಇನ್ನಷ್ಟು ಬಿಳಿಚಿದೆ, ಏಕೆ?

ಕೋಲಾರದ ತಾರಸಿ: ಕುಂಡದ ಟೊಮೆಟೊ ಗಿಡದ ಚಿಗುರು ಹಳದಿಯಾಗಿತ್ತು. ಅಂಗಡಿಯವರು ಜಿಂಕ್ ಕೊರತೆ ಎಂದು ಜಿಂಕ್ ಸಲ್ಫೇಟ್ ಕೊಟ್ಟರು. ಬುಡಕ್ಕೂ ಹಾಕಿದೆ, ಎಲೆಗೂ ಸಿಂಪಡಿಸಿದೆ. ಈಗ ಚಿಗುರು ಮೊದಲಿಗಿಂತ ಬಿಳಿಚಿದೆ, ಹಳೆಯ ಎಲೆಗಳು ಹಸಿರಾಗಿವೆ. ಕೊಳವೆಬಾವಿ ನೀರು, ಬಕೆಟ್ ಒಣಗಿದರೆ ಬಿಳಿ ಪೊರೆ ಉಳಿಯುತ್ತದೆ. ಇನ್ನೊಮ್ಮೆ ಜಿಂಕ್ ಕೊಡಲೇ?

ಮುಳಬಾಗಿಲು ರೈತ: ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧದಷ್ಟು ಸುಣ್ಣ ಬೆರೆಸಿ ಹೊಡೆಯಿರಿ.

ಚಿಂತಾಮಣಿ ಮೇಷ್ಟ್ರು: ಅಳತೆ ಸರಿ, ಆದರೆ ಕೊರತೆ ಇದ್ದಾಗ ಮಾತ್ರ. ತಾರಸಿಯವರೇ, ಚಿಗುರೆಲೆ ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿವೆಯೇ? ಅಥವಾ ಎಲೆಯ ಗಾತ್ರ ಸರಿಯಾಗಿದ್ದು, ನರಗಳು ಮಾತ್ರ ಹಸಿರು ಗೆರೆಗಳಂತೆ ಕಾಣುತ್ತಿವೆಯೇ?

ಕೋಲಾರದ ತಾರಸಿ: ಎರಡನೆಯದು ಸರ್.

ಚಿಂತಾಮಣಿ ಮೇಷ್ಟ್ರು: ಹಾಗಾದರೆ ಅನುಮಾನ ಕಬ್ಬಿಣದ ಕೊರತೆಯ ಮೇಲೆ. ಜಿಂಕ್ ನಿಲ್ಲಿಸಿ.

ಜೀವಕೋಶಕ್ಕೆ ಜಿಂಕ್ ಬೇಕು, ಆದರೆ ಹೆಚ್ಚಾದರೆ ವಿಷ. ಆದ್ದರಿಂದ ಒಳಗೆ ಬಿಗಿ ಲೆಕ್ಕಾಚಾರವಿದೆ. ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಬಿಜಿಪ್19, ಬಿಜಿಪ್23 ಎಂಬ ಎರಡು ಪ್ರೋಟೀನುಗಳು ಈ ಕೆಲಸ ಮಾಡುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಅವು ಜಿಂಕನ್ನು ನೇರವಾಗಿ ಹಿಡಿದು ಅಳೆಯುತ್ತವೆ ಎಂಬುದು 2021ರಲ್ಲಿ. ಜಿಂಕ್ ಅಂಟಿರುವಾಗ ಅವು ಸುಮ್ಮನಿರುತ್ತವೆ. ಜಿಂಕ್ ಇಳಿದಾಗ ಜಿಪ್ ಸಾಗಣೆ ಪ್ರೋಟೀನುಗಳ ಜೀನ್‌ಗಳನ್ನು ಎಚ್ಚರಿಸಿ ಹೊರಗಿನಿಂದ ಎಳೆದುಕೊಳ್ಳುತ್ತವೆ. ಮಿಕ್ಕದ್ದನ್ನು ಎಂಟಿಪಿ1 ಎಂಬ ಪ್ರೋಟೀನು ರಸದಾನಿಗೆ, ಅಂದರೆ ಕೋಶದ ಕಣಜಕ್ಕೆ, ತುಂಬುತ್ತದೆ.

ನಿಮ್ಮ ಕುಂಡದ ತೊಡಕು ಬೇರೆಡೆ ಇದೆ. ಬೈಕಾರ್ಬೊನೇಟ್ ಹೆಚ್ಚಿರುವ ಗಡಸು ನೀರಿನಿಂದ ಮಣ್ಣಿನ ಕ್ಷಾರೀಯತೆ ಏರಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಹಸಿದ ಬೇರು ಐಆರ್‌ಟಿ1 ಎಂಬ ಕಬ್ಬಿಣದ ಸಾಗಣೆ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಅದಕ್ಕೆ ಆಯ್ಕೆಯ ಶಿಸ್ತು ಕಡಿಮೆ. ಕಬ್ಬಿಣದ ಜೊತೆ ಜಿಂಕನ್ನೂ ಒಳಗೆ ಬಿಡುತ್ತದೆ. ಅಂಥ ಹೊತ್ತಿನಲ್ಲೇ ನೀವು ಬುಡಕ್ಕೆ ಜಿಂಕ್ ಸುರಿದಿದ್ದೀರಿ. ಹೆಚ್ಚಾದ ಜಿಂಕ್ ಕಬ್ಬಿಣಕ್ಕೆ ಪೈಪೋಟಿ ಕೊಡುತ್ತದೆ, ಚಿಗುರು ಇನ್ನಷ್ಟು ಬಿಳಿಚುತ್ತದೆ. ಅಂಗಡಿಯಲ್ಲಿ ಎಲ್ಲ ಹಳದಿಗೂ ಒಂದೇ ಪೊಟ್ಟಣ ಕೊಡುವುದು ಹಳೆಯ ರೂಢಿ.

ಖಚಿತಪಡಿಸಿಕೊಳ್ಳಲು ಲೀಟರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಕರಗಿಸಿ, ಒಂದು ಎಲೆಯ ಅರ್ಧಕ್ಕೆ ಮಾತ್ರ ಕುಂಚದಲ್ಲಿ ಸಂಜೆ ಬಳಿಯಿರಿ. ಇನ್ನರ್ಧ ಹಾಗೇ ಇರಲಿ.

ಕೋಲಾರದ ತಾರಸಿ: ಬಳಿದ ಅರ್ಧದಲ್ಲಿ ಚುಕ್ಕೆಚುಕ್ಕೆಯಾಗಿ ಹಸಿರು ಮೂಡಿದೆ, ಇನ್ನರ್ಧ ಬೆಣ್ಣೆ ಬಣ್ಣದಲ್ಲೇ ಇದೆ!

ಚಿಂತಾಮಣಿ ಮೇಷ್ಟ್ರು: ಅನುಮಾನ ಮುಗಿಯಿತು. ಇಡಿಡಿಎಚ್‌ಎ ರೂಪದ ಕಬ್ಬಿಣ ತನ್ನಿ, ಕ್ಷಾರ ಮಣ್ಣಿನಲ್ಲೂ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವ ಗೊಬ್ಬರವದು. ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಸಾಧ್ಯವಾದಷ್ಟು ಮಳೆನೀರು ಹಾಕಿ. ಸುಣ್ಣ ಮಾತ್ರ ಬೇಡವೇ ಬೇಡ.

ಕೋಲಾರದ ತಾರಸಿ: ಪಕ್ಕದ ಬದನೆಗೂ ಅದೇ ಜಿಂಕ್ ಹಾಕಿದ್ದೆ, ಅದು ಚೆನ್ನಾಗಿದೆಯಲ್ಲ?

ಚಿಂತಾಮಣಿ ಮೇಷ್ಟ್ರು: ಚೆನ್ನಾಗಿದ್ದರೆ ಮುಟ್ಟಬೇಡಿ. ಬಿಳಿಚಿದರೆ ಚಿತ್ರ ಹಾಕಿ.